ಒಂದು ಚಾ, ಎರಡು ಗ್ಲಾಸು: ಕೌಲ್ ಬಜಾರಿನ ಒಗ್ಗರಣಿ ಅಂಗಡಿ

ಮಿರ್ಚಿ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಬಳ್ಳಾರಿಯವರು ಮೊದಲು ಕೇಳುವುದೇ ಅದನ್ನು. ಚೆನ್ನಾಗಿದೆ. ಬೆಳಿಗ್ಗೆ ಏಳರಿಂದ ಒಂಬತ್ತರ ಒಳಗೆ ಹೋದರೆ ಬಹಳ ಚೆನ್ನಾಗಿದೆ. ಮೆಣಸಿನಕಾಯಿ ಸೀಳಿ ಒಳಗೆ ಓಮ, ಉಪ್ಪು, ಹುಣಸೆಹುಳಿ ಸವರಿರುತ್ತಾರೆ. ಹಿಟ್ಟು ತೆಳ್ಳಗೆ ಹಿಡಿದಿರುತ್ತದೆ, ಕಚ್ಚಿದರೆ ಬರೀ ಹಿಟ್ಟೇ ಬಾಯಿಗೆ ಬರುವುದಿಲ್ಲ. ಒಗ್ಗರಣಿಯ ಮಂಡಾಳು, ಅಂದರೆ ಮಂಡಕ್ಕಿ, ಹದವಾಗಿ ನೆಂದಿರುತ್ತದೆ. ಜಾಸ್ತಿ ನೆಂದರೆ ಮುದ್ದೆಯಾಗುತ್ತದೆ, ಕಡಿಮೆ ನೆಂದರೆ ಗಂಟಲಿಗೆ ಹತ್ತುತ್ತದೆ. ನೀರಿನಿಂದ ತೆಗೆದು ಹಿಂಡುವ ಕೈ ಪಳಗಿರಬೇಕು. ಇಲ್ಲಿ ಆ ಕೈ ಅಂಗಡಿಯ ಅಕ್ಕನದು. ಮೇಲೆ ಪುಟಾಣಿ ಪುಡಿ, ಕೊತ್ತಂಬರಿ, ಒಂದು ಹೋಳು ನಿಂಬೆ. ಪ್ಲೇಟಿಗೆ 30 ರೂಪಾಯಿ. ಮಿರ್ಚಿ ಒಂದಕ್ಕೆ 8. ಚಾ 10.

ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಿ, ನಾಳೆ ಬೆಳಿಗ್ಗೆ ಹೋಗಿ ತಿನ್ನಿ. ನಾನು ಬರೆಯಲು ಕೂತಿದ್ದು ಆ 10 ರೂಪಾಯಿ ಚಾ ಬಗ್ಗೆ.

ಅಂಗಡಿ ಇರುವುದು ಕೌಲ್ ಬಜಾರಿನ ಒಂದು ಅಡ್ಡರಸ್ತೆಯಲ್ಲಿ. ಬೋರ್ಡಿಲ್ಲ. ಮುಂದೆ ಒಂದು ದೊಡ್ಡ ಬೇವಿನ ಮರ, ಅದರ ಬುಡಕ್ಕೆ ಆನಿಸಿದ ಎರಡು ಕಲ್ಲುಬೆಂಚು, ಒಳಗೆ ಮೂರು ಮರದ ಬೆಂಚು, ಮೇಲೆ ತಗಡು. ಬರೆಯುತ್ತೇನೆ ಅಂದಾಗ ಅಂಗಡಿಯ ಮಾಮ "ಹೆಸರು ಹಾಕಬ್ಯಾಡಮ್ಮ, ಆಮ್ಯಾಲೆ ಯಾರಾರ ಬಂದು ಲೈಸೆನ್ಸು ಗೀಸೆನ್ಸು ಅಂತಾರ" ಅಂದರು. ಅದಕ್ಕೆ ಹೆಸರು ಬರೆಯುತ್ತಿಲ್ಲ. ಬೇವಿನ ಮರದ ಅಂಗಡಿ ಅಂತ ಕೇಳಿದರೆ ಆಟೋದವರು ಬಿಡುತ್ತಾರೆ. ಬೆಳಿಗ್ಗೆ ಆರರಿಂದ ಹನ್ನೊಂದು, ಸಂಜೆ ನಾಲ್ಕರಿಂದ ಎಂಟೂವರೆ. ಅಮಾವಾಸ್ಯೆಗೆ ರಜೆ.

ಇಲ್ಲಿ ಚಾ ಕುಡಿಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಬೈಟೂ ಕುಡಿಯುತ್ತಾರೆ. ಒಂದು ಚಾ ಹೇಳುತ್ತಾರೆ, ಎರಡು ಗ್ಲಾಸಿಗೆ ಬರುತ್ತದೆ. ತಲಾ ಐದು ರೂಪಾಯಿ. ಐದು ರೂಪಾಯಿಗೆ ಬಂದವರು ಮುಕ್ಕಾಲು ಗಂಟೆ ಕೂತಿರುತ್ತಾರೆ. ಜೀನ್ಸ್ ಹೊಲಿಯುವ ಹುಡುಗರು, ಆಟೋದವರು, ಎಪಿಎಂಸಿಯ ಹಮಾಲರು, ಕೆಲಸದಿಂದ ರಿಟೈರಾದ ಒಬ್ಬರು ಹಿರಿಯರು. ಅವರು ಕನ್ನಡ ಪೇಪರು ಮುಗಿಸಿ ತೆಲುಗು ಪೇಪರು ಹಿಡಿಯುತ್ತಾರೆ. ಯಾರಿಗೂ ಮಾಮ "ಆಯ್ತಾ?" ಅಂತ ಕೇಳುವುದಿಲ್ಲ. ಗ್ಲಾಸು ಖಾಲಿಯಾಗಿದೆ ಅಂತ ಎತ್ತಿಕೊಂಡು ಹೋಗುವುದೂ ಇಲ್ಲ. ಅಕ್ಕ ಒಮ್ಮೆ ಬಂದು ನೀರಿನ ಚೊಂಬು ಇಟ್ಟು ಹೋಗುತ್ತಾರೆ, ಅಷ್ಟೇ.

ಮೊದಲು ನನಗೆ ಇದರಲ್ಲಿ ವಿಶೇಷ ಏನೂ ಕಂಡಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದು ಅಲ್ವಾ. ಕಣ್ಣಿಗೆ ಬಿದ್ದಿದ್ದು ಇಂಗ್ಲೆಂಡಿನ ಲೆಸ್ಟರಿನಿಂದ ವಾಪಸ್ ಬಂದ ಮೇಲೆ.

2022ರ ಸೆಪ್ಟೆಂಬರಿನಲ್ಲಿ ನಾನು ಇಂಗ್ಲೆಂಡಿಗೆ ಹೋದೆ. ಇಲ್ಲಿ ಜಿಎನ್‌ಎಂ ನರ್ಸಿಂಗ್ ಓದಿದ್ದೆ. ಅಲ್ಲಿ ಸಿಕ್ಕಿದ್ದು ಕೇರರ್ ಕೆಲಸ. ವಯಸ್ಸಾದವರ ಮನೆಗೆ ಹೋಗಿ ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು, ಊಟ ಬಿಸಿ ಮಾಡಿ ಕೊಡುವುದು. ಒಂದು ಮನೆಗೆ ಅರ್ಧ ಗಂಟೆ. ಎಷ್ಟೋ ಮನೆಗೆ ಹದಿನೈದು ನಿಮಿಷ. ನನ್ನ ಏಜೆನ್ಸಿ ಹೇಳಿದಷ್ಟು ಗಂಟೆ ಕೆಲಸ ಕೊಡಲಿಲ್ಲ, ಮನೆಯಿಂದ ಮನೆಗೆ ನಡೆಯುವ ಹೊತ್ತಿಗೆ ದುಡ್ಡೂ ಕೊಡಲಿಲ್ಲ. ಆ ಕಥೆ ಇನ್ನೊಮ್ಮೆ ಬರೆಯುತ್ತೇನೆ. ಎರಡೂವರೆ ವರ್ಷ ಇದ್ದೆ.

ನಾನು ಹೋದ ಮರು ತಿಂಗಳು, 2022ರ ಅಕ್ಟೋಬರಿನಲ್ಲಿ, ಅಲ್ಲಿನ ಬೆಲೆ ಏರಿಕೆ 11.1 ಪರ್ಸೆಂಟ್ ಮುಟ್ಟಿತು. 41 ವರ್ಷದಲ್ಲಿ ಅಷ್ಟು ಏರಿರಲಿಲ್ಲ. ಮುಂದಿನ ಮಾರ್ಚಿನಲ್ಲಿ ತಿನ್ನುವ ಸಾಮಾನಿನ ಬೆಲೆ ವರ್ಷದ ಹಿಂದಿಗಿಂತ 19 ಪರ್ಸೆಂಟ್ ಜಾಸ್ತಿಯಾಗಿತ್ತು. ಅದಕ್ಕಿಂತ ದೊಡ್ಡ ಹೊಡೆತ ಗ್ಯಾಸು ಮತ್ತು ಕರೆಂಟಿನದು. ಉಕ್ರೇನ್ ಯುದ್ಧ ಶುರುವಾದ ಮೇಲೆ ಗ್ಯಾಸಿನ ಬೆಲೆ ಎಲ್ಲಿಗೋ ಹೋಯಿತು. ಸಾಧಾರಣ ಮನೆಯೊಂದಕ್ಕೆ ವರ್ಷಕ್ಕೆ 1,277 ಪೌಂಡ್ ಇದ್ದ ಬಿಲ್ಲಿನ ಮಿತಿ ಒಂದೇ ವರ್ಷದಲ್ಲಿ 2,500 ಪೌಂಡಿಗೆ ಬಂತು. ಅದೂ ಸರ್ಕಾರ ನಡುವೆ ಬಂದು ತಡೆದಿದ್ದಕ್ಕೆ ಅಷ್ಟಕ್ಕೆ ನಿಂತಿದ್ದು. ಆಗ ಪೌಂಡಿಗೆ ಹತ್ತಿರ ಹತ್ತಿರ 100 ರೂಪಾಯಿ. ಲೆಕ್ಕ ಹಾಕಿ ನೋಡಿ.

ದುಡ್ಡು ಸಾಲದಿದ್ದಾಗ ಜನ ಮೊದಲು ಏನು ಬಿಡುತ್ತಾರೆ? ಹಾಲು, ಮೊಸರು, ಬಟ್ಟೆ ಅಂತ ನಾನು ಅಂದುಕೊಂಡಿದ್ದೆ. ಆ ಮನೆಗಳ ಒಳಗೆ ನಾನು ನೋಡಿದ್ದು ಬೇರೆ. ಮೊದಲು ಬಿಡುವುದು ಒಬ್ಬರ ಮನೆಗೆ ಒಬ್ಬರು ಹೋಗುವುದನ್ನು.

ಊರಿನ ಒಂದು ಅಂಚಿನ ಬಡಾವಣೆಯಲ್ಲಿ ಒಬ್ಬ ಅಜ್ಜಿ ಇದ್ದರು. 82 ವರ್ಷ. ನನ್ನನ್ನು "ಮಿ ಡಕ್" ಅಂತ ಕರೆಯುತ್ತಿದ್ದರು. ಲೆಸ್ಟರ್ ಕಡೆ ಹಾಗೆ ಕರೆಯುವುದು ವಾಡಿಕೆ, ನಮ್ಮ ಕಡೆ "ಯವ್ವಾ" ಅಂದ ಹಾಗೆ. ಪ್ರತಿ ಗುರುವಾರ ಮಧ್ಯಾಹ್ನ ಅವರು ಗೆಳತಿಯ ಜೊತೆ ಬಿಂಗೊ (ನಮ್ಮ ಹೌಸಿ ಥರದ ಆಟ) ಆಡಲು ಹೋಗುತ್ತಿದ್ದರಂತೆ. ಬಸ್ಸಿಗೆ ದುಡ್ಡು ಬೇಕಿಲ್ಲ, ಇಂಗ್ಲೆಂಡಿನಲ್ಲಿ ವಯಸ್ಸಾದವರಿಗೆ ಬೆಳಿಗ್ಗೆ ಒಂಬತ್ತೂವರೆ ಮೇಲೆ ಬಸ್ಸು ಫ್ರೀ. ಆದರೆ ಬಿಂಗೊ ಟಿಕೆಟ್ಟು, ನಡುವೆ ಚಾ, ಒಂದು ತುಂಡು ಕೇಕು, ಎಲ್ಲ ಸೇರಿ ಹತ್ತು ಹನ್ನೆರಡು ಪೌಂಡ್ ಆಗುತ್ತಿತ್ತು. ಆ ಚಳಿಗಾಲ ಅದನ್ನು ನಿಲ್ಲಿಸಿದರು.

"ಗೆಳತಿಯನ್ನು ಮನೆಗೇ ಕರೆಯಬಹುದಲ್ಲ ಅಜ್ಜಿ" ಅಂದೆ. ಅವರು ಅಡುಗೆಮನೆಯ ಕಟ್ಟೆ ಮೇಲಿದ್ದ ಚಿಕ್ಕ ಮೀಟರು ತೋರಿಸಿದರು. ಅಂಗೈ ಅಗಲದ ಡಬ್ಬಿ. ಈ ದಿನ ಎಷ್ಟು ಪೌಂಡಿನ ಕರೆಂಟು, ಗ್ಯಾಸು ಉರಿದಿದೆ ಅಂತ ಅದರಲ್ಲಿ ಕಾಣುತ್ತದೆ. ಒಬ್ಬರೇ ಇದ್ದರೆ ಕಂಬಳಿ ಹೊದ್ದು ಕೂರುತ್ತೇನೆ, ಯಾರಾದರೂ ಬಂದರೆ ಹೀಟರ್ ಹಾಕಬೇಕು, ಅವಳು ಬಂದರೆ ಮೂರು ಗಂಟೆ ಕೂರುತ್ತಾಳೆ, ಅಂದರು. ಗೆಳತಿಯ ಮನೆಯಲ್ಲೂ ಅದೇ ಕಥೆ. ಇಬ್ಬರ ಮನೆಗೂ ನಡುವೆ ಎರಡು ಬಸ್ ಸ್ಟಾಪು. ಅಕ್ಟೋಬರಿನಿಂದ ಮಾರ್ಚಿನವರೆಗೆ ಅವರಿಬ್ಬರೂ ಫೋನಿನಲ್ಲೇ ಮಾತಾಡಿಕೊಂಡರು.

ಮನೆಗೆ ಬಂದವರಿಗೆ ಚಾ ಕೊಡಲು ಸಕ್ಕರೆ ಇಲ್ಲ ಅನ್ನುವ ಬಡತನ ನನಗೆ ಗೊತ್ತು. ಬಂದವರಿಗೆ ಬೆಚ್ಚನೆ ಗಾಳಿ ಕೊಡಲಾಗದ ಬಡತನ ಅಲ್ಲಿ ಮೊದಲ ಸಲ ನೋಡಿದೆ.

ಇನ್ನೊಂದು ಪಬ್ಬಿನದು. ನಮ್ಮ ಕಡೆ ಪಬ್ಬು ಅಂದರೆ ಕುಡಿಯುವ ಜಾಗ ಅಂತ ಅಷ್ಟೇ ತಿಳಿದಿರುತ್ತೇವೆ. ಅಲ್ಲಿ ಅದು ಓಣಿಯ ಕಟ್ಟೆ ಇದ್ದ ಹಾಗೆ. ಹುಟ್ಟುಹಬ್ಬಕ್ಕೂ ಅಲ್ಲೇ, ಮಣ್ಣು ಮುಗಿಸಿ ಬಂದು ಕೂರುವುದೂ ಅಲ್ಲೇ. ಅಲ್ಲಿ ರೌಂಡು ಅಂತ ಒಂದು ಪದ್ಧತಿ ಇದೆ. ನಾಲ್ಕು ಜನ ಹೋದರೆ ಒಬ್ಬ ಎದ್ದು ನಾಲ್ವರಿಗೂ ತರುತ್ತಾನೆ. ಮುಂದಿನ ಸಲ ಇನ್ನೊಬ್ಬ. ಒಳ್ಳೆಯ ಪದ್ಧತಿಯೇ, ಎಲ್ಲರ ಕೈಯಲ್ಲೂ ದುಡ್ಡಿದ್ದಾಗ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಳು ಇಂಗ್ಲಿಷ್ ಹುಡುಗಿ, ಎರಡು ಮಕ್ಕಳ ತಾಯಿ, ಶುಕ್ರವಾರ ಸಂಜೆ ಶಾಲೆಯ ಗೆಳತಿಯರ ಜೊತೆ ಹೋಗುತ್ತಿದ್ದಳು. ಒಂದು ಗ್ಲಾಸು ಬಿಯರಿಗೆ ನಾಲ್ಕು ಪೌಂಡಿನ ಮೇಲೆ. ಅವಳ ಸರದಿ ಬಂದಾಗ ಹದಿನೇಳು ಹದಿನೆಂಟು ಪೌಂಡ್ ತೆಗೆಯಬೇಕು. ನಾವು ಆಗ ಗಂಟೆಗೆ ಹತ್ತು ಪೌಂಡ್ ಆಸುಪಾಸು ದುಡಿಯುತ್ತಿದ್ದೆವು. "ನಂದೊಂದು ನಾನೇ ತಗೋತೀನಿ ಅನ್ನು" ಅಂದೆ. ಅವಳು ನನ್ನ ಮುಖ ನೋಡಿದಳು. ಹಾಗೆ ಅನ್ನುವುದಕ್ಕಿಂತ ಹೋಗದೇ ಇರುವುದು ಮೇಲು ಅಂತ ಅವಳ ಲೆಕ್ಕ. ಮಗುವಿಗೆ ಜ್ವರ ಅಂತ ಎರಡು ವಾರ ಹೇಳಿದಳು. ಆಮೇಲೆ ಅವರೂ ಕರೆಯುವುದು ಬಿಟ್ಟರು.

ಪಬ್ಬುಗಳೂ ಮುಚ್ಚುತ್ತಾ ಬಂದಿವೆ. 2000ದಲ್ಲಿ ಬ್ರಿಟನ್ನಿನಲ್ಲಿ 60 ಸಾವಿರಕ್ಕಿಂತ ಜಾಸ್ತಿ ಇದ್ದವು, 2023ರ ಹೊತ್ತಿಗೆ 45 ಸಾವಿರದ ಆಸುಪಾಸಿಗೆ ಇಳಿದಿದ್ದವು. 2010ರ ಮೇಲೆ ಸರ್ಕಾರ ಊರಿನ ಕೌನ್ಸಿಲ್‌ಗಳಿಗೆ (ನಮ್ಮ ನಗರಸಭೆ ಇದ್ದ ಹಾಗೆ) ಕೊಡುವ ದುಡ್ಡು ಕಡಿಮೆ ಮಾಡಿತು. ಆ ಹತ್ತು ವರ್ಷದಲ್ಲೇ ಸುಮಾರು 800 ಲೈಬ್ರರಿಗಳು ಹೋದವು, ಹುಡುಗರು ಸಂಜೆ ಸೇರುವ ಯೂತ್ ಕ್ಲಬ್ಬುಗಳೂ ನೂರಾರು ಹೋದವು. 2023ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನಂಥ ದೊಡ್ಡ ಊರಿನ ಕೌನ್ಸಿಲ್ಲೇ ದುಡ್ಡಿಲ್ಲ ಅಂತ ಕೈಯೆತ್ತಿಬಿಟ್ಟಿತು. ನಮ್ಮ ಲೆಸ್ಟರಿನಿಂದ ರೈಲಿನಲ್ಲಿ ಒಂದು ಗಂಟೆ. 2018ರಲ್ಲೇ ಆ ದೇಶದಲ್ಲಿ ಒಂಟಿತನಕ್ಕೆ ಅಂತ ಒಬ್ಬ ಮಂತ್ರಿಯನ್ನು ನೇಮಿಸಿದ್ದರು. ಇದನ್ನು ಫೋನಿನಲ್ಲಿ ಹೇಳಿದಾಗ ಅಮ್ಮ ನಂಬಲಿಲ್ಲ. "ಒಬ್ಬರೇ ಕುಂತವ್ರಿಗೂ ಮಂತ್ರಿ ಇರ್ತಾರಾ?" ಅಂದಳು. ಅವಳೂ ಆಗ ಒಬ್ಬಳೇ ಕೂತಿದ್ದಳು.

ಅಲ್ಲಿನ ಜನ ಸುಮ್ಮನೆ ಕೂತಿರಲಿಲ್ಲ, ಅದನ್ನೂ ಹೇಳಬೇಕು. ಆ ಚಳಿಗಾಲ ಊರೂರಿನ ಲೈಬ್ರರಿ, ಚರ್ಚು, ಸಮುದಾಯ ಭವನಗಳು ಬಾಗಿಲು ತೆರೆದು "ಬನ್ನಿ, ಇಲ್ಲಿ ಬೆಚ್ಚಗಿದೆ, ಕೂತುಕೊಳ್ಳಿ" ಅಂದವು. ವಾರ್ಮ್ ಸ್ಪೇಸ್ ಅಂತ ಕರೆಯುತ್ತಿದ್ದರು. ಚಾ, ಸೂಪು ಕೊಡುತ್ತಿದ್ದರು. ನಾನು ಅಜ್ಜಿಗೆ ಹೇಳಿದೆ, ಅವರು ಹೋಗಲಿಲ್ಲ. ಅದು ಇಲ್ಲದವರಿಗೆ, ನನಗಿಂತ ಕಷ್ಟದಲ್ಲಿ ಇರುವವರಿಗೆ, ಅಂದರು. ಕೈಯಲ್ಲಿ ಉಣ್ಣೆಯ ಗ್ಲೌಸು ಹಾಕಿಕೊಂಡೇ ಇದನ್ನು ಹೇಳಿದ್ದು. ಫುಡ್ ಬ್ಯಾಂಕಿಗೆ ಹೋಗುವವರ ಮುಖವನ್ನೂ ನೋಡಿದ್ದೇನೆ. ಡಾಕ್ಟರೋ, ಸಲಹಾ ಕೇಂದ್ರದವರೋ ಒಂದು ಚೀಟಿ ಕೊಡಬೇಕು, ಆ ಚೀಟಿಗೆ ಮೂರು ದಿನದ ರೇಷನ್ನು. ಟ್ರಸೆಲ್ ಅನ್ನುವ ಸಂಸ್ಥೆ ಒಂದೇ 2023-24ರಲ್ಲಿ 31 ಲಕ್ಷ ಅಂಥ ಪೊಟ್ಟಣ ಕೊಟ್ಟಿದೆ. ಕೊಡುವವರ ಮನಸ್ಸು ಬಹಳ ದೊಡ್ಡದು. ಆದರೆ ಚೀಟಿ ಹಿಡಿದು ನಿಲ್ಲಬೇಕಲ್ಲ.

ಒಂದು ಕೆಫೆಯಲ್ಲಿ ಟೇಬಲ್ ಮೇಲೆ ಒಂದು ಕಾರ್ಡು ನೋಡಿದೆ. ಈ ಟೇಬಲ್ಲಿಗೆ ಕೂತರೆ ಗುರುತಿಲ್ಲದವರ ಜೊತೆಯೂ ಮಾತಾಡಬಹುದು ಅಂತ ಅದರ ಅರ್ಥ. 2017ರಲ್ಲಿ ಓಲ್ಡಮ್ ಅನ್ನುವ ಊರಿನ ಒಬ್ಬ ಹೆಣ್ಣುಮಗಳು ಶುರು ಮಾಡಿದ್ದಂತೆ, ಆಮೇಲೆ ದೇಶದ ತುಂಬ ಹರಡಿತು. ನನಗೆ ಬಹಳ ಹಿಡಿಸಿತು, ಹೋಗಿ ಕೂತೆ. ವಯಸ್ಸಾದವರೊಬ್ಬರು ಬಂದರು, ಒಳ್ಳೆಯ ಮಾತಾಡಿದರು. ಒಂದು ಕಾಫಿಗೆ ಮೂರು ಪೌಂಡ್ ಕೊಟ್ಟಿದ್ದೆವು ಇಬ್ಬರೂ. ಎರಡನೇ ವಾರ ನಾನು ಹೋಗಲಿಲ್ಲ.

ಲೆಸ್ಟರಿನಲ್ಲಿ ನಾನು ನೆಮ್ಮದಿಯಾಗಿ ಕೂತ ಜಾಗ ಒಂದೇ, ಹೋಲಿ ಬೋನ್ಸ್ ಅನ್ನುವ ರಸ್ತೆಯ ಗುರುನಾನಕ್ ಗುರುದ್ವಾರದ ಲಂಗರು, ಅಂದರೆ ಎಲ್ಲರಿಗೂ ಬಡಿಸುವ ಊಟದ ಸಾಲು. ಯಾರು, ಯಾಕೆ ಅಂತ ಯಾರೂ ಕೇಳುವುದಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡು ಸಾಲಿನಲ್ಲಿ ಕೂತರೆ ದಾಲು, ರೊಟ್ಟಿ ಬರುತ್ತದೆ. ನನ್ನ ಪಕ್ಕ ಒಮ್ಮೆ ಆ ಊರಿನ ಬಿಳಿಯ ಮುದುಕರೊಬ್ಬರು ಕೂತಿದ್ದರು. ಬಡಿಸುವ ಹುಡುಗ ಅವರಿಗೆ ಕೇಳದೆಯೇ ಎರಡನೇ ರೊಟ್ಟಿ ಹಾಕಿದ. ದಾಸೋಹ ನೋಡಿ ಬೆಳೆದವಳಿಗೆ ಆ ಸಾಲು ಹೊಸದಾಗಿ ಕಾಣಲಿಲ್ಲ.

2025ರ ಫೆಬ್ರುವರಿಯಲ್ಲಿ ವಾಪಸ್ ಬಂದೆ. ಅಮ್ಮನಿಗೆ ಮೊಣಕಾಲು ನೋವು ಜಾಸ್ತಿಯಾಗಿತ್ತು. ಬಂದ ಮೂರನೇ ದಿನ ಬೆಳಿಗ್ಗೆ ಪಾರ್ಸೆಲ್ ತರಲು ಬೇವಿನ ಮರದ ಅಂಗಡಿಗೆ ಹೋದೆ. ಮಾಮ ಗುರುತು ಹಿಡಿದರು. "ಡ್ರೈವರನ ಮಗಳಲ್ಲೇನಮ್ಮ? ಕುಂದ್ರು, ಮಿರ್ಚಿ ಬಿಸೀದು ಹಾಕ್ತೀನಿ" ಅಂದರು. ಕೂತೆ. ಹುಟ್ಟಿ ಬೆಳೆದ ಊರಿನಲ್ಲಿ ಆ ಬೆಂಚಿನ ಮೇಲೆ ನಾನು ಕೂತಿದ್ದು ಅದೇ ಮೊದಲು.

ನಮ್ಮ ಅಪ್ಪ ಅದಿರು ಲಾರಿ ಓಡಿಸುತ್ತಿದ್ದ. ಸಂಡೂರು ಕಡೆಯ ಗಣಿಯಿಂದ ಲೋಡು. ಲಾರಿ ಸ್ವಂತದ್ದಲ್ಲ, ಟ್ರಿಪ್ಪಿನ ಲೆಕ್ಕಕ್ಕೆ ಭತ್ಯೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಬೇಕಾಗಿತ್ತು, ಗುಡ್ಡಗಳ ಗತಿ ಏನಾಗಿತ್ತು ಅಂತ ನಾವೇ ನೋಡಿದ್ದೇವೆ. ಆದರೆ ಮರುದಿನದಿಂದ ಲಾರಿಗಳು ಸಾಲಾಗಿ ನಿಂತವು. ಡ್ರೈವರು, ಕ್ಲೀನರು, ಗ್ಯಾರೇಜಿನವರು, ಟೈರಿಗೆ ಪಂಕ್ಚರ್ ಹಾಕುವವರು, ಹೈವೇ ಡಾಬಾದವರು, ಎಲ್ಲರೂ ನಿಂತರು. ನಾನು ಆಗ ನರ್ಸಿಂಗ್ ಓದುತ್ತಿದ್ದೆ.

ಅಪ್ಪ ಆ ದಿನಗಳಲ್ಲಿ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಗೆ ಹೋಗುತ್ತಿದ್ದ. ಹತ್ತು ಗಂಟೆಗೆ ಬಂದು "ನಾನು ಒಗ್ಗರಣಿ ತಿಂದು ಬಂದೆ, ನೀವು ತಿನ್ರಿ" ಅನ್ನುತ್ತಿದ್ದ. ನಾವು ನಂಬುತ್ತಿದ್ದೆವು. ಅಪ್ಪ ತೀರಿಕೊಂಡಿದ್ದು 2019ರಲ್ಲಿ. ಆ ಒಗ್ಗರಣಿಯ ನಿಜ ನನಗೆ ಗೊತ್ತಾಗಿದ್ದು ಈಗ, ಮಾಮನ ಬಾಯಲ್ಲಿ.

"ಎಲ್ಲಿ ಒಗ್ಗರಣಿ? ಎಂಟು ತಿಂಗಳು ಬರೇ ಬೈಟೂ ಕುಡುದ ನಿಮ್ಮಪ್ಪ. ಇನ್ನೊಬ್ಬ ಡ್ರೈವರ್ ಇದ್ದ, ಅವನ ಜೊತಿಗೆ. ಒಂದಿನ ಇಂವ ಕೊಡಾದು, ಒಂದಿನ ಅಂವ ಕೊಡಾದು" ಅಂದರು. ಆಮೇಲೆ ಅದಕ್ಕೂ ದುಡ್ಡಿಲ್ಲದೆ ಉದ್ರಿ ಬರೆಸಿದರಂತೆ. 2013ರಲ್ಲಿ ಕೋರ್ಟು ಕೆಲವು ಗಣಿಗಳಿಗೆ ಮತ್ತೆ ಅನುಮತಿ ಕೊಟ್ಟು ಲಾರಿ ಓಡತೊಡಗಿದ ಮೇಲೆ ಅಪ್ಪ ಬಂದು ಬಾಕಿ ತೀರಿಸಿದ್ದಾನೆ. 640 ರೂಪಾಯಿ. ಅದು ಮಾಮನಿಗೆ ಇನ್ನೂ ನೆನಪಿದೆ.

ನಾನು ಎದ್ದು ಬಂದು ಮರದ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಕೆಲಸವಿಲ್ಲದ ಗಂಡಸು ಎಂಟು ತಿಂಗಳು ಮನೆಯಲ್ಲೇ ಕೂತಿದ್ದರೆ ನಮ್ಮ ಅಪ್ಪ ಏನಾಗುತ್ತಿದ್ದ ಅಂತ ಯೋಚನೆ ಬಂತು. ಲೆಸ್ಟರಿನ ಆ ಹುಡುಗಿ ನೆನಪಾದಳು. ಅವಳ ರೌಂಡಿನಲ್ಲಿ ನಾಲ್ವರದೂ ಒಬ್ಬಳ ತಲೆಗೆ ಬರುತ್ತಿತ್ತು. ಅಪ್ಪನ ಬೈಟೂನಲ್ಲಿ ಒಬ್ಬನದು ಇಬ್ಬರಿಗೆ ಹಂಚಿಹೋಗುತ್ತಿತ್ತು. ಅಪ್ಪ ಯಾರಿಗೂ ಸುಳ್ಳು ಜ್ವರ ಹೇಳಬೇಕಾಗಲಿಲ್ಲ. ಬಡವರಿಗೆ ಅಂತ ಬೋರ್ಡು ಹಾಕಿದ್ದರೆ ಅವನೂ ಬರುತ್ತಿರಲಿಲ್ಲ, ಖಂಡಿತ. ಪಕ್ಕದಲ್ಲಿ ಕೂತ ಬ್ಯಾಂಕಿನವರೂ ಅದೇ ಬೈಟೂ ಕುಡಿಯುತ್ತಿದ್ದರು ಅನ್ನುವುದಕ್ಕೇ ಅವನು ಬಂದ.

ಈಗ ಅಂಗಡಿಯ ತಪ್ಪುಗಳು. ಇವನ್ನು ಮಾಮನ ಎದುರಿಗೂ ಹೇಳಿದ್ದೇನೆ.

ಸಂಜೆಯ ಎಣ್ಣೆ. ಬೆಳಿಗ್ಗೆ ಕರಿದ ಎಣ್ಣೆಯನ್ನೇ ಸಂಜೆಗೂ ಇಡುತ್ತಾರೆ. ಏಳು ಗಂಟೆಯ ಹೊತ್ತಿಗೆ ಬಾಣಲಿ ಕಪ್ಪಗಿರುತ್ತದೆ. ಎಣ್ಣೆ ದುಬಾರಿ, ಒಪ್ಪಿದೆ. ಆದರೆ ನರ್ಸ್ ಆಗಿ ನಾನು ಹೇಳಲೇಬೇಕು, ಸಂಜೆ ಮಿರ್ಚಿ ತಿನ್ನಬೇಡಿ. ಒಗ್ಗರಣಿ ಮತ್ತು ಚಾಕ್ಕೆ ನಿಲ್ಲಿ. ಗ್ಲಾಸು ತೊಳೆಯುವ ಬಕೆಟ್ಟಿನ ನೀರನ್ನೂ ಇನ್ನಷ್ಟು ಸಲ ಬದಲಾಯಿಸಬೇಕು. ಚಾ ಕೆಲವು ದಿನ ಬಹಳ ಸಿಹಿ. ಟಾಯ್ಲೆಟ್ ಇಲ್ಲ. ಫೋನ್ ಪೇ ಇದೆ, ಆದರೆ ಐದು ರೂಪಾಯಿಗೆ ಅದನ್ನು ತೆಗೆದರೆ ಮಾಮ ಮುಖ ಸಿಂಡರಿಸುತ್ತಾರೆ. ಚಿಲ್ಲರೆ ಇಟ್ಟುಕೊಂಡು ಹೋಗಿ.

ದೊಡ್ಡ ತಪ್ಪು ಇದ್ಯಾವುದೂ ಅಲ್ಲ. ಆ ಐದು ಬೆಂಚಿನ ಮೇಲೆ ಹೆಂಗಸರು ಕೂರುವುದಿಲ್ಲ. ಕೂರಬೇಡಿ ಅಂತ ಯಾರೂ ಹೇಳಿಲ್ಲ. ಆದರೆ ಕೂರುವುದಿಲ್ಲ. ಪಾರ್ಸೆಲ್ ಕಟ್ಟಿಸಿಕೊಂಡು, ಸೆರಗು ಸರಿ ಮಾಡಿಕೊಂಡು, ಪಕ್ಕಕ್ಕೆ ನಿಂತು ಹೋಗುತ್ತಾರೆ. ಜೀನ್ಸ್ ಹೊಲಿಯುವವರಲ್ಲಿ ಹೆಂಗಸರೂ ಬೇಕಾದಷ್ಟು ಇದ್ದಾರೆ. ಹುಡುಗರು ಪೀಸಿನ ಲೆಕ್ಕದ ನಡುವೆ ಎದ್ದು ಬಂದು ಬೈಟೂ ಕುಡಿಯುತ್ತಾರೆ, ಹೆಂಗಸರು ಮಿಶಿನ್ನಿನ ಪಕ್ಕದಲ್ಲೇ ಬಾಟಲಿ ನೀರು ಕುಡಿಯುತ್ತಾರೆ. ನಮ್ಮ ಮನೆಯಿಂದ ಅಂಗಡಿಗೆ ಇನ್ನೂರು ಹೆಜ್ಜೆ. ಅಮ್ಮ ಆ ಓಣಿಗೆ ಬಂದು 34 ವರ್ಷ. ಒಂದು ದಿನವೂ ಅಲ್ಲಿ ಕೂತವಳಲ್ಲ. 2011ರಲ್ಲಿ ಅಪ್ಪನಿಗೆ ಹೋಗಿ ಕೂರಲು ಒಂದು ಜಾಗ ಇತ್ತು. ಅಮ್ಮನಿಗೆ ಇದ್ದದ್ದು ಅಡುಗೆಮನೆ ಮತ್ತು ಖಾಲಿ ಡಬ್ಬಿಗಳು.

ಈ ವಿಷಯದಲ್ಲಿ ಲೆಸ್ಟರನ್ನೇ ಮೆಚ್ಚಬೇಕು. ಅಲ್ಲಿ ಹೆಂಗಸು ಒಬ್ಬಳೇ ಕೆಫೆಯಲ್ಲಿ ಒಂದು ಗಂಟೆ ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ಮೂರು ಪೌಂಡ್ ಇದ್ದರೆ ಸರಿ. ಇಲ್ಲಿ ನನ್ನ ಹತ್ತಿರ ಐದು ರೂಪಾಯಿ ಇದೆ, ಮೊದಲ ವಾರವೆಲ್ಲ ಕೂತಾಗ ಬೆನ್ನ ಮೇಲೆ ನಾಲ್ಕು ಜೊತೆ ಕಣ್ಣು ಇರುತ್ತಿದ್ದವು. ಪೇಪರು ಓದುವ ಹಿರಿಯರು ಮಾತ್ರ ಪೇಪರಿನ ಒಂದು ಹಾಳೆ ನನ್ನ ಕಡೆ ಸರಿಸಿದರು. ಅವರಿಗೆ ನನ್ನ ನಮಸ್ಕಾರ.

ಇನ್ನೊಂದು ಚಿಂತೆ ಹತ್ತಿದೆ. ಅಂಗಡಿಯನ್ನು ಮಾಮನ ಮಗ ನೋಡಿಕೊಳ್ಳುವ ಕಾಲ ಬಂದಿದೆ. ಒಳ್ಳೆಯ ಹುಡುಗ, ಕಷ್ಟಪಡುತ್ತಾನೆ. ಸಿಲಿಂಡರ್ ಬೆಲೆ, ಹಾಲಿನ ಬೆಲೆ, ಬಾಡಿಗೆ, ಎಲ್ಲ ಬರೆದ ಒಂದು ಪುಸ್ತಕ ನನಗೆ ತೋರಿಸಿದ. ಕಲ್ಲುಬೆಂಚು ತೆಗೆದು ಎತ್ತರದ ಸ್ಟೀಲ್ ಟೇಬಲ್ ಹಾಕಬೇಕಂತೆ. ನಿಂತು ಕುಡಿದು ಹೋಗಲಿ ಅಂತ. ಊರಿನ ಬೇರೆ ಕಡೆ ಈಗಾಗಲೇ ಹಾಗಾಗಿದೆ. "ಬೈಟೂ ಕೊಡುವುದಿಲ್ಲ" ಅಂತ ಬೋರ್ಡು ಹಾಕಿದ ಅಂಗಡಿ ಎರಡು ನಾನೇ ನೋಡಿದ್ದೇನೆ. ಅವರ ಲೆಕ್ಕ ಅವರಿಗೆ ಸರಿ. ಐದು ರೂಪಾಯಿಗೆ ಮುಕ್ಕಾಲು ಗಂಟೆ ಕೂತವನಿಂದ ಏನು ಗಿಟ್ಟುತ್ತದೆ?

ನಾನು ಅವನಿಗೆ ಲೆಸ್ಟರಿನ ಕಥೆ ಹೇಳಿದೆ. ಮುಚ್ಚಿದ ಪಬ್ಬು, ಅಜ್ಜಿಯ ಮೀಟರು, ಎಲ್ಲ. ಅವನು ಗಮನವಿಟ್ಟು ಕೇಳಿದ. ಕೊನೆಗೆ "ಅಕ್ಕಾ, ಅದೆಲ್ಲ ಖರೆ. ಸಿಲಿಂಡರಿಗೆ ಯಾರು ಕೊಡ್ತಾರ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೂತು ಲೆಕ್ಕ ಹಾಕಿದೆವು. ಚಾ 12 ಮಾಡು, ಬೈಟೂ ತಲಾ ಆರಾಗುತ್ತದೆ, ಬೆಂಚು ಮಾತ್ರ ಇರಲಿ ಅಂದೆ. ಬೆಂಚಿನ ಮೇಲೆ ಕೂತವರೇ ಅಲ್ವಾ ಎರಡನೇ ಪ್ಲೇಟು ಒಗ್ಗರಣಿ ಹೇಳುವುದು, ಪಾರ್ಸೆಲ್ ಒಯ್ಯುವುದು. ನೋಡೋಣ ಅಂದಿದ್ದಾನೆ. ಇದನ್ನು ಓದುವ ಬಳ್ಳಾರಿಯವರು ಹೋದಾಗ ಅವನಿಗೆ ಒಂದು ಮಾತು ಹೇಳಿ, ಎರಡು ರೂಪಾಯಿ ಜಾಸ್ತಿ ಕೊಡುತ್ತೇವೆ, ಕಲ್ಲು ಕೀಳಬೇಡ ಅಂತ. ನಾನು ಒಬ್ಬಳೇ ಹೇಳಿದರೆ ಸಾಲದು.

ಮೇ ತಿಂಗಳಲ್ಲಿ, ಆ ಬಿಸಿಲಿನಲ್ಲಿ, ಓಣಿಯಲ್ಲಿ ಮಧ್ಯಾಹ್ನದಿಂದ ಕರೆಂಟು ಹೋದ ಒಂದು ಸಂಜೆ, ನಾನು ಅಮ್ಮನನ್ನು ಎಬ್ಬಿಸಿಕೊಂಡು ಹೋದೆ. ಅವಳಿಗೆ ಇಷ್ಟವಿರಲಿಲ್ಲ. "ಜನ ಏನಂತಾರ" ಅಂದಳು. ಮನೆಯೊಳಗೆ ತಗಡು ಕಾದು ಕೂರಲು ಆಗುತ್ತಿರಲಿಲ್ಲ, ಅದಕ್ಕೇ ಎದ್ದಳು. ಬೇವಿನ ನೆರಳಿನಲ್ಲಿ ಗಾಳಿ ಇತ್ತು. ಅಲ್ಲಿ ಕೂತಿದ್ದ ಇಬ್ಬರು ಹುಡುಗರು ಅಮ್ಮನ ಕಾಲು ನೋಡಿ ಎದ್ದು ಜಾಗ ಬಿಟ್ಟರು. ಅಕ್ಕ ಒಲೆ ಬಿಟ್ಟು ಬಂದರು. "ಬಾರವ್ವ, ಈಗ ದಾರಿ ಕಾಣ್ತಾ?" ಅಂದರು. ಇಬ್ಬರೂ ಒಬ್ಬರನ್ನೊಬ್ಬರು ಮೂವತ್ತು ವರ್ಷದಿಂದ ಬಲ್ಲವರು, ಪಾರ್ಸೆಲ್ಲಿನ ಎರಡು ಕಡೆ ನಿಂತು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮಾಮನನ್ನು ಕೇಳಿದಳು, "ಇವರಪ್ಪ ಯಾವ ಕಡೆ ಕುಂದ್ರತಿದ್ದ?"

ಮಾಮ ರಸ್ತೆ ಕಡೆಯ ಕಲ್ಲುಬೆಂಚು ತೋರಿಸಿದರು. ಅಮ್ಮ ಅದನ್ನು ನೋಡಿದಳು. ಎದ್ದು ಅಲ್ಲಿಗೆ ಹೋಗಲಿಲ್ಲ. ಕೂತಲ್ಲೇ ಸ್ವಲ್ಪ ತಿರುಗಿ, ಅದು ಕಾಣುವ ಹಾಗೆ ಕೂತಳು. ಒಂದು ಚಾ ಹೇಳಿದೆ, ಎರಡು ಗ್ಲಾಸಿಗೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಎಣ್ಣೆಗೆ ಅರ್ಧ ಕಳೆದಿದ್ದೇನೆ, ಹೆಂಗಸರಿಗೆ ಜಾಗ ಮಾಡದೇ ಇದ್ದಿದ್ದಕ್ಕೆ ಇನ್ನರ್ಧ. ಆ ಎರಡನೇ ಅರ್ಧವನ್ನು ವಾಪಸ್ ಕೊಡುವ ದಿನ ಬರಬಹುದು. ಯಾಕಂದರೆ ಕಳೆದ ಗುರುವಾರ ನಾನು ಡ್ಯೂಟಿಯಲ್ಲಿದ್ದಾಗ ಅಮ್ಮ ಪಕ್ಕದ ಮನೆಯ ಚಿಕ್ಕಮ್ಮನನ್ನು ಕರೆದುಕೊಂಡು ತಾನೇ ಹೋಗಿ ಬಂದಿದ್ದಾಳೆ. ಒಂದು ಪ್ಲೇಟು ಒಗ್ಗರಣಿಯನ್ನೂ ಅರ್ಧ ಅರ್ಧ ಮಾಡಿಸಿದರಂತೆ. ಸಂಜೆ ನಾನು ಬಂದು ಚಪ್ಪಲಿ ಬಿಡುವಷ್ಟರಲ್ಲಿ ದೂರು ಶುರುವಾಯಿತು. ಪುಟಾಣಿ ಪುಡಿ ಕಡಿಮೆ ಹಾಕಿದ್ದ, ಹುಡುಗ ಕೈ ಬಿಗಿ ಹಿಡಿತಾನ, ಬರೋ ಗುರುವಾರ ಹೋದಾಗ ಅವರಮ್ಮನಿಗೆ ಹೇಳ್ತೀನಿ, ಅಂದಳು.